ಪಾದ್ರಿಯ ಭೂಗೋಳ, ನಮ್ಮ ಕೇರಿಯ ಗ್ರಹಣ

"ವಿಜ್ಞಾನ ತಂದವ್ರು ಪಾದ್ರಿಗಳು ಅಂತೀರಿ. ಗೆಲಿಲಿಯೋನ ಮೊಣಕಾಲೂರಿ ಕೂಡಿಸಿದವ್ರೂ ಪಾದ್ರಿಗಳ ಅಂತೀರಿ. ಇದ್ರಾಗ ಖರೇ ಯಾವ್ದ್ರಿ?"

ಬಂಕಾಪುರದ ಕೋಟೆಯೊಳಗೆ, ಅರವತ್ತು ಕಂಬದ ಗುಡಿಯ ನೆರಳಿನಲ್ಲಿ ಕೂತಿದ್ದಾಗ ನಮ್ಮ ಗುಂಪಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇದು. ಅವಳು ಕ್ರೈಸ್ತರ ಶಾಲೆಯಲ್ಲಿ ಓದಿದವಳು. ಅವಳ ಮನೆಯವರು ಪ್ರಾರ್ಥನೆಗೂ ಹೋಗುತ್ತಾರೆ, ದ್ಯಾಮವ್ವನ ಜಾತ್ರೆಗೂ ಹೋಗುತ್ತಾರೆ. ನಾವು ತಟ್ಟನೆ ಉತ್ತರ ಕೊಡಲಿಲ್ಲ. ಕೊಡಲಿಕ್ಕೆ ನಮ್ಮಲ್ಲಿ ಉತ್ತರ ಇರಲೂ ಇಲ್ಲ. ಪುಸ್ತಕದಲ್ಲಿ ಓದಿಕೊಂಡ ಉತ್ತರವೊಂದಿತ್ತು: ವಿಜ್ಞಾನಕ್ಕೂ ಧರ್ಮಕ್ಕೂ ಹಾವು ಮುಂಗುಸಿಯ ವೈರ. ಇನ್ನೊಂದು ಉತ್ತರ ಪ್ರವಚನಗಳಲ್ಲಿ ಕೇಳಿದ್ದು: ಎರಡೂ ಒಂದೇ ಸತ್ಯದ ಎರಡು ಕಣ್ಣು. ಎರಡೂ ಬೇರೆ ಕಡೆಯಿಂದ ಕಡ ತಂದ ಮಾತುಗಳು. ನಮ್ಮ ಕೇರಿಯಲ್ಲಿ ನಿಂತು ನೋಡಿದರೆ ಈ ಚರಿತ್ರೆ ಹೇಗೆ ಕಾಣುತ್ತದೆ? ಅದನ್ನು ಯಾರೂ ನಮಗೆ ಹೇಳಿಲ್ಲ. ಹಾಗಾಗಿ ನಾವೇ ಹೇಳಿಕೊಳ್ಳಬೇಕು.

ಕೋಟೆಯ ಮಾತಿನಿಂದಲೇ ಸುರು ಮಾಡುತ್ತೇವೆ. ಈ ಊರಿಗೆ ಹೆಸರು ಕೊಟ್ಟವನು ಬಂಕೇಯ, ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ. ಅವನ ಮಗ ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಜೈನಮುನಿ ಗುಣಭದ್ರರ ಉತ್ತರಪುರಾಣ ಇದೇ ಊರಲ್ಲಿ ಪೂಜೆಗೊಂಡಿತು. ಅದೇ ಅಮೋಘವರ್ಷನ ಕಾಲದಲ್ಲಿ ಮಹಾವೀರಾಚಾರ್ಯರೆಂಬ ಇನ್ನೊಬ್ಬ ಜೈನರು 'ಗಣಿತಸಾರಸಂಗ್ರಹ' ಬರೆದರು. ಭಿನ್ನರಾಶಿ, ಬಡ್ಡಿಲೆಕ್ಕ, ಕ್ಷೇತ್ರಗಣಿತ ಎಲ್ಲವೂ ಅದರಲ್ಲಿವೆ. ಆರಂಭದಲ್ಲಿ ಜಿನಸ್ತುತಿಯೂ ಇದೆ. ಅಂದರೆ ದೇವರ ಮಾತೂ ಲೆಕ್ಕದ ಮಾತೂ ಒಂದೇ ಓಲೆಗರಿಯ ಮೇಲೆ ಕೂಡುವುದು ನಮ್ಮ ನೆಲಕ್ಕೆ ಹೊಸದಲ್ಲ. ಆ ಬಸದಿಗೆ ಕಲ್ಲು ಹೊತ್ತವರಿಗೆ, ಆ ಓಣಿಗಳ ಸತ್ತ ದನ ಎಳೆದವರಿಗೆ ಆ ಲೆಕ್ಕ ಕಲಿಸಿದರೇ? ಅಂಥ ಕುರುಹು ಒಂದು ಶಾಸನದಲ್ಲೂ ಇಲ್ಲ. ವಿಜ್ಞಾನಕ್ಕೂ ಧರ್ಮಕ್ಕೂ ಜಗಳವಿತ್ತೋ ಸ್ನೇಹವಿತ್ತೋ, ಅದು ಅಗ್ರಹಾರದ ಒಳಗಿನ, ಮಠದ ಒಳಗಿನ ಸಂಗತಿ. ಕೇರಿ ಹೊರಗೇ ಇತ್ತು.

ಇನ್ನು ಯುರೋಪಿನ ಕತೆ. 1543ರಲ್ಲಿ ಕೊಪರ್ನಿಕಸ್ ಭೂಮಿ ಸೂರ್ಯನ ಸುತ್ತ ತಿರುಗುತ್ತದೆಂದು ಬರೆದ. ಅವನು ಚರ್ಚಿನ ಅಧಿಕಾರಿಯೇ ಆಗಿದ್ದ. 1610ರಲ್ಲಿ ಗೆಲಿಲಿಯೋ ದೂರದರ್ಶಕ ಹಿಡಿದು ಗುರುಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡ. 1616ರಲ್ಲಿ ಚರ್ಚು ಕೊಪರ್ನಿಕಸನ ಪುಸ್ತಕವನ್ನು ತಿದ್ದುವ ತನಕ ತಡೆಹಿಡಿಯಿತು. ಯೆಹೋಶುವನು ಸೂರ್ಯನಿಗೆ ನಿಲ್ಲು ಅಂದನೆಂದು ಬೈಬಲಿನಲ್ಲಿ ಇದೆಯಲ್ಲ, ತಿರುಗದ ಸೂರ್ಯನಿಗೆ ನಿಲ್ಲು ಅನ್ನುವುದು ಹೇಗೆ ಎಂಬುದು ತಕರಾರು. 1633ರಲ್ಲಿ ಮುದುಕ ಗೆಲಿಲಿಯೋ ರೋಮಿನಲ್ಲಿ ಮೊಣಕಾಲೂರಿ ತನ್ನ ಮಾತನ್ನು ತಾನೇ ಅಲ್ಲಗಳೆಯಬೇಕಾಯಿತು. ಉಳಿದ ಆಯುಷ್ಯವನ್ನು ಗೃಹಬಂಧನದಲ್ಲಿ ಕಳೆದ. ಅವನ ನ್ಯಾಯಾಧೀಶರು ತಪ್ಪಿದ್ದರೆಂದು ಪೋಪ್ ಎರಡನೆಯ ಜಾನ್ ಪಾಲ್ ಒಪ್ಪಿಕೊಂಡದ್ದು 1992ರಲ್ಲಿ. ನಡುವೆ 359 ವರ್ಷ.

ಇದರ ಎದುರಿಗೆ ಬೇರೆ ಹೆಸರುಗಳನ್ನೂ ಇಡಬೇಕು. ಬಟಾಣಿ ಗಿಡ ಬೆಳೆಸಿ ಆನುವಂಶಿಕತೆಯ ನಿಯಮ ಕಂಡ ಮೆಂಡೆಲ್ ಮಠವಾಸಿ ಸನ್ಯಾಸಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದ ಲಮೆತ್ರ್ ಬೆಲ್ಜಿಯಮ್ಮಿನ ಪಾದ್ರಿ. ಹಾಗಾಗಿ ಆ ಹುಡುಗಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ಎರಡೂ ಖರೆ. ಉಳಿದರ್ಧ ನಮ್ಮ ಜಿಲ್ಲೆಯಲ್ಲಿದೆ.

ಇಂಗ್ಲಿಷರ ಕಾಲದಲ್ಲಿ ಬಂಕಾಪುರವೆಂಬುದು ಧಾರವಾಡ ಜಿಲ್ಲೆಯ ಒಂದು ತಾಲೂಕಿನ ಹೆಸರು. ಕಚೇರಿ ಇದ್ದದ್ದು ಶಿಗ್ಗಾಂವಿಯಲ್ಲಿ. ಈ ಜಿಲ್ಲೆಗೆ ಬಾಸೆಲ್ ಮಿಶನ್ನಿನವರು ಬಂದದ್ದು ಗುಡ್ಡ ಹತ್ತಿ, ಕರಾವಳಿಯಿಂದ. 1834ರಲ್ಲಿ ಮಂಗಳೂರಲ್ಲಿ ಇಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. 1843ರಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಅದು. ನಮ್ಮಂಥ ಸಣ್ಣ ಪತ್ರಿಕೆಗಳಿಗೆಲ್ಲ ಅದು ಮುತ್ತಜ್ಜನೇ ಸರಿ.

ಈ ಪಾದ್ರಿಗಳ ಒಂದು ಕೈಯಲ್ಲಿ ಬೈಬಲು, ಇನ್ನೊಂದು ಕೈಯಲ್ಲಿ ಭೂಗೋಳ. ಭೂಗೋಳ ಸುಮ್ಮನೆ ಬಂದದ್ದಲ್ಲ, ಆಯುಧವಾಗಿ ಬಂತು. ಕಲ್ಕತ್ತೆಯಲ್ಲಿ 1830ರಲ್ಲಿ ಶಾಲೆ ತೆರೆದ ಅಲೆಕ್ಸಾಂಡರ್ ಡಫ್‌ನ ವಿಚಾರ ಬಹಳ ಮಿಶನ್ ಶಾಲೆಗಳ ವಿಚಾರವೂ ಆಗಿತ್ತು: ಹಿಂದೂ ಧರ್ಮದ ಪುರಾಣ ಅದರ ಭೂಗೋಳ ಖಗೋಳಗಳ ಜೊತೆ ಹೆಣೆದುಕೊಂಡಿದೆ, ಮೇರುಪರ್ವತ ಇಲ್ಲ, ಹಾಲಿನ ಸಮುದ್ರ ಇಲ್ಲ, ರಾಹು ಕೇತು ಇಲ್ಲ ಅಂತ ಹುಡುಗರಿಗೆ ಗೊತ್ತಾದರೆ ಪುರಾಣ ಬೀಳುತ್ತದೆ, ಪುರಾಣ ಬಿದ್ದ ಜಾಗದಲ್ಲಿ ಕ್ರಿಸ್ತನನ್ನು ಕೂಡಿಸಬಹುದು. ವಿಜ್ಞಾನ ಮುಂದೆ ಹೋಗಿ ಹಳೆಯ ಗುಡಿ ಕೆಡವಬೇಕು, ಧರ್ಮ ಹಿಂದೆ ಬಂದು ಹೊಸ ಗುಡಿ ಕಟ್ಟಬೇಕು. ಆದರೆ ಡಫ್ ಕಣ್ಣಿಟ್ಟದ್ದು ಮೇಲ್ಜಾತಿಯ ಹುಡುಗರ ಮೇಲೆ. ಅವರು ಬಂದರೆ ಉಳಿದವರು ಹಿಂದೆ ಬರುತ್ತಾರೆಂಬ ಅಂದಾಜು. ಇಲ್ಲೂ ನಾವು ಕೊನೆಯ ಸಾಲಿನವರೇ.

ಇದೇ ಹೊತ್ತಿಗೆ ಧಾರವಾಡದಲ್ಲಿ ನಡೆದ ಘಟನೆಯೊಂದನ್ನು ನಮ್ಮ ಜಿಲ್ಲೆಯ ಪ್ರತಿಯೊಂದು ಮಗುವೂ ಓದಬೇಕು. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ ಹುಡುಗ ಧಾರವಾಡದ ಸರಕಾರಿ ಶಾಲೆಗೆ ಸೇರಿಸಿಕೊಳ್ಳಿರೆಂದು ಅರ್ಜಿ ಹಾಕಿದ. ಸೇರಿಸಿಕೊಳ್ಳಲಿಲ್ಲ. ಆ ಹುಡುಗ ಸುಮ್ಮನಾಗಲಿಲ್ಲ, ಮುಂಬಯಿ ಸರಕಾರಕ್ಕೇ ಬರೆದ. ಸರಕಾರ ಅದೇ ಜುಲೈಯಲ್ಲಿ ಠರಾವು ಮಾಡಿತು. ನ್ಯಾಯ ಅರ್ಜಿದಾರನ ಕಡೆಗಿದೆ ಎಂದು ಒಪ್ಪಿಕೊಂಡೇ, ಒಬ್ಬನ ಸಲುವಾಗಿ ಉಳಿದವರೆಲ್ಲ ಶಾಲೆ ಬಿಟ್ಟು ಹೋಗುವಂತೆ ಮಾಡಲಾಗದು ಎಂದು ಕೈತೊಳೆದುಕೊಂಡಿತು. ಸರಕಾರಿ ಖರ್ಚಿನ ಶಾಲೆಗಳು ಎಲ್ಲ ಜಾತಿಗೂ ತೆರೆದಿರಬೇಕೆಂದು ಕಂಪನಿ ಸರಕಾರ ಒತ್ತಿ ಹೇಳಿದ್ದು 1858ರಲ್ಲಿ. ಹೇಳಿದ್ದು ಕಾಗದದ ಮೇಲೆ. ಬಾಬಾಸಾಹೇಬರು ಈ ಪ್ರಕರಣವನ್ನು ಮರೆಯಲಿಲ್ಲ. ಅಸ್ಪೃಶ್ಯರ ಶಿಕ್ಷಣದ ಚರಿತ್ರೆ ಹೇಳುವಾಗ ಅದನ್ನು ಎತ್ತಿ ತೋರಿಸಿದರು.

ಈಗ ಎರಡು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿರಿ. ರೋಮಿನಲ್ಲಿ ಗೆಲಿಲಿಯೋಗೆ ಹೇಳಬೇಡ ಅಂದರು. ಧಾರವಾಡದಲ್ಲಿ ಆ ಹುಡುಗನಿಗೆ ಕೇಳಬೇಡ ಅಂದರು. ಗೆಲಿಲಿಯೋನ ಹೆಸರು ಎಲ್ಲ ಪಠ್ಯಪುಸ್ತಕದಲ್ಲಿದೆ. ನಮ್ಮ ಹುಡುಗನ ಹೆಸರು ಯಾವ ಪಾಠದಲ್ಲೂ ಬರಲಿಲ್ಲ. ಯುರೋಪಿನಲ್ಲಿ ಜ್ಞಾನಕ್ಕೆ ಅಡ್ಡ ನಿಂತದ್ದು ಚರ್ಚಿನ ನಂಬಿಕೆ. ಇಲ್ಲಿ ಅಡ್ಡ ನಿಂತದ್ದು ಜಾತಿ. ಆ ಜಾತಿಗೆ ಶರಣಾದವರು ಭಾನುವಾರ ಚರ್ಚಿಗೆ ಹೋಗುವ, ನ್ಯೂಟನ್ನನ ದೇಶದಿಂದ ಬಂದ, ಓದು ಬಲ್ಲ ಸಾಹೇಬರು. ಅವರ ಧರ್ಮವೂ ಅವರ ವಿಜ್ಞಾನವೂ ಆ ಶಾಲೆಯ ಹೊಸ್ತಿಲಲ್ಲಿ ಒಟ್ಟಿಗೇ ಸೋತವು.

ಪಾದ್ರಿಗಳು ಕಲಿಸಿದ ವಿದ್ಯೆಯ ಋಣ ಇಲ್ಲವೆಂದು ನಾವು ಹೇಳುತ್ತಿಲ್ಲ. ಕಿಟೆಲ್ಲರನ್ನು ನೋಡಿರಿ. 1853ರಲ್ಲಿ ಬಂದವರು, ಧರ್ಮಪ್ರಚಾರಕ್ಕೆ. 1894ರಲ್ಲಿ ಬಿಟ್ಟು ಹೋದದ್ದು 70,000 ಶಬ್ದಗಳ ಕೋಶ. ಅದರಲ್ಲಿ ಗುಡಿಯ ಮಾತಿನಂತೆ ಹೊಲದ ಮಾತೂ ಇದೆ. ಸಂಸ್ಕೃತವೇ ಎಲ್ಲ ಭಾಷೆಗೂ ತಾಯಿ ಎಂದು ಬ್ರಾಹ್ಮಣ್ಯ ಸಾರುತ್ತಿದ್ದಾಗ, ಕಾಲ್ಡ್‌ವೆಲ್ ಎಂಬ ಇನ್ನೊಬ್ಬ ಪಾದ್ರಿ 1856ರಲ್ಲಿ ತಮಿಳು, ಕನ್ನಡ, ತೆಲುಗು, ಮಲೆಯಾಳಗಳದ್ದು ಬೇರೆಯೇ ಬಳಗವೆಂದು ವ್ಯಾಕರಣದ ಆಧಾರದ ಮೇಲೆ ತೋರಿಸಿದರು. ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಶಬ್ದಗಳ ಪಟ್ಟಿಯನ್ನೇ ಕಿಟೆಲ್ಲರು ತಮ್ಮ ಕೋಶದ ಮುನ್ನುಡಿಯಲ್ಲಿ ಕೊಟ್ಟರು. ಇದು ವಿಜ್ಞಾನ. ಜನರ ಬಾಯಿಗೆ ಕಿವಿಗೊಟ್ಟು ಮಾಡಿದ ವಿಜ್ಞಾನ.

ಆದರೆ ಇದೇ ಪಾದ್ರಿಗಳು ಬೈಬಲಿನ ಕಾಲಗಣನೆಯಲ್ಲಿ ಬೆಳೆದವರು. ಐರ್ಲೆಂಡಿನ ಬಿಶಪ್ ಅಶರ್ 1650ರಲ್ಲಿ ವಂಶಾವಳಿ ಕೂಡಿಸಿ, ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಕಟ್ಟಿದ್ದ. ಆ ವರ್ಷ ಇಂಗ್ಲಿಷ್ ಬೈಬಲಿನ ಅಂಚಿನಲ್ಲಿ ಬಹುಕಾಲ ಅಚ್ಚಾಗುತ್ತಿತ್ತು. ಆ ಲೆಕ್ಕಕ್ಕೆ ನಮ್ಮ ನೆಲದ ಕಲ್ಲೇ ಸಾಕ್ಷಿ ಹೇಳಿತು. ಭೂವಿಜ್ಞಾನಿ ಬ್ರೂಸ್ ಫೂಟ್ 1880ರ ದಶಕದಲ್ಲಿ ದಕ್ಷಿಣದ ಪುರಾತನ ಶಿಲೆಗಳ ಒಂದು ಶ್ರೇಣಿಗೆ ಧಾರವಾಡದ ಹೆಸರಿಟ್ಟರು. ಅವರ ಮಾವನೂ ಒಬ್ಬ ಪಾದ್ರಿಯೇ, ತಮಿಳು ವಿದ್ವಾಂಸ ಪೀಟರ್ ಪರ್ಸಿವಲ್. ಆ ಧಾರವಾಡ ಶಿಲೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚೆಂದು ಇಂದು ಗೊತ್ತಾಗಿದೆ. ನಮ್ಮಜ್ಜಂದಿರು ಕ್ವಾರಿಯಲ್ಲಿ ಒಡೆದ ಕಲ್ಲಿಗೆ ಅಶರ್ ಬಿಶಪ್ಪನ ಇಡೀ ಲೋಕಕ್ಕಿಂತ ನಾಲ್ಕು ಲಕ್ಷ ಪಟ್ಟು ಹೆಚ್ಚು ವಯಸ್ಸು! ಮೇರುಪರ್ವತ ಕೆಡವಲಿಕ್ಕೆ ತಂದ ಹಾರೆ ಏದೆನ್ ತೋಟದ ಬೇಲಿಯನ್ನೂ ಕಿತ್ತಿತು.

ಇಲ್ಲಿಗೆ ನಮ್ಮ ಮಾತಿನ ಮುಳ್ಳಿಗೆ ಬಂದೆವು. ಅದನ್ನು ಗ್ರಹಣದ ಮೂಲಕವೇ ಹೇಳಬೇಕು.

1980ರ ಫೆಬ್ರುವರಿ 16, ಶನಿವಾರ. ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ಹತ್ತಿ ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಗಳನ್ನು ದಾಟಿ ಹೋಯಿತು. ದೇಶವಿದೇಶದ ವಿಜ್ಞಾನಿಗಳು ಉಪಕರಣ ಹೊತ್ತು ನಮ್ಮ ಕಡೆ ಬಂದರು. ನಮ್ಮ ಊರುಗಳ ಜನ ಬಾಗಿಲು ಹಾಕಿಕೊಂಡರು. ಕುಡಿಯೋ ನೀರಿಗೆ ದರ್ಭೆ ಹಾಕಿದರು, ಬಸುರಿ ಹೆಣ್ಣುಮಕ್ಕಳನ್ನು ಒಳಗೆ ಕೂಡಿಸಿದರು. ಗ್ರಹಣ ಬಿಡುವ ಹೊತ್ತಿಗೆ ನಮ್ಮವರು ಏನು ಮಾಡುತ್ತಿದ್ದರು? ಕೇರಿಯ ಹಿರಿಯರೊಬ್ಬರು ನಮಗೆ ಹೇಳಿದರು: "ಪುಟ್ಟಿ ಹಿಡಕೊಂಡು ಊರಾಗ ಹೋಗತಿದ್ವಿ. ದಾನ ಕೊಡ್ರೀ, ಗ್ರಹಣ ಬಿಡಲಿ ಅಂತ ಒದರತಿದ್ವಿ. ಹಳೇ ಅರಿಬಿ, ಕಾಳು, ಉಪ್ಪು ಕೊಡತಿದ್ರು. ಮ್ಯಾಲಿಂದ ಹಾಕತಿದ್ರು, ಮುಟ್ಟತಿದ್ದಿಲ್ಲ."

ಮುಂಬಯಿ ಪ್ರಾಂತದ ಎಷ್ಟೋ ಕಡೆ ಈ ಪದ್ಧತಿ ಇತ್ತು. ಇದರ ಹಿಂದಿನ ನಂಬಿಕೆ ಗೊತ್ತೇ? ಸೂರ್ಯನನ್ನು ಹಿಡಿಯುವ ರಾಹು ಕೇತುಗಳು ಮಾಂಗ, ಮಹಾರ ಜಾತಿಯವರು! ಆ ಜಾತಿಯವರಿಗೆ ದಾನ ಕೊಟ್ಟರೆ ಅವರ ದೇವರು ಸೂರ್ಯನನ್ನು ಬಿಟ್ಟಾನು. ನೆಲದ ಮೇಲಿನ ಮೈಲಿಗೆ ಸಾಲದೆಂದು ಅದನ್ನು ಆಕಾಶಕ್ಕೂ ಏರಿಸಿದರು. ಸೂರ್ಯನಿಗೆ ಹಿಡಿದ ಗ್ರಹಣ ಕೆಲವು ನಿಮಿಷದ್ದು, ನಮಗೆ ಹಿಡಿದದ್ದು ಸಾವಿರಾರು ವರ್ಷದ್ದು.

ಈ ಕತೆಗೆ ವಿಜ್ಞಾನದ ಉತ್ತರ ನಮ್ಮ ಸೀಮೆಯಲ್ಲೇ ಬಹಳ ಹಿಂದೆ ಸಿಕ್ಕಿತ್ತು. 1868ರ ಆಗಸ್ಟ್ 18ರ ಖಗ್ರಾಸ ಗ್ರಹಣವನ್ನು ನೋಡಲು ಜಾನ್ ಹರ್ಷೆಲ್ ಎಂಬ ಸರ್ವೆ ಅಧಿಕಾರಿ ಪಟವರ್ಧನರ ಜಮಖಂಡಿಗೆ ಬಂದಿದ್ದ. ಮೋಡಗಳ ಸಂದಿನಲ್ಲಿ ರೋಹಿತದರ್ಶಕ ಹಿಡಿದು, ಸೂರ್ಯನ ಅಂಚಿನಲ್ಲಿ ಎದ್ದ ಜ್ವಾಲೆಗಳಿಂದ ಹೊಳೆಯುವ ಗೆರೆಗಳನ್ನು ಕಂಡ. ಆ ಜ್ವಾಲೆಗಳು ಕಾದ ಅನಿಲವೆಂದು ಖಾತ್ರಿಯಾಯಿತು. ಅದೇ ದಿನ ಗುಂಟೂರಿನಲ್ಲಿ ಫ್ರೆಂಚ್ ವಿಜ್ಞಾನಿ ಜಾನ್ಸೆನ್ನನೂ ನೋಡಿದ. ಆ ವರ್ಷ ಸೂರ್ಯನ ಬೆಳಕಿನಲ್ಲಿ ಸಿಕ್ಕ ಹಳದಿ ಗೆರೆಯೊಂದರ ಬೆನ್ನು ಹತ್ತಿ ಹೋದವರಿಗೆ ಹೀಲಿಯಮ್ ಎಂಬ ಹೊಸ ಧಾತು ದೊರೆಯಿತು. ರಾಹುವೂ ಇಲ್ಲ, ಕೇತುವೂ ಇಲ್ಲ, ಮಾಂಗನೂ ಇಲ್ಲ, ಮಹಾರನೂ ಇಲ್ಲ. ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರ ಬಂದದ್ದು, ಅಷ್ಟೇ.

ಮಿಶನ್ ಶಾಲೆಯ ಪಾದ್ರಿಗೆ ಈ ಪಾಠ ಹೇಳಿಕೊಡುವುದು ಬಹಳ ಸುಲಭ, ಬಹಳ ಖುಷಿ. ಸರಿ, ಅದೇ ಪಾಠವನ್ನು ಇನ್ನೊಂದು ಪುಟಕ್ಕೂ ಒಯ್ಯೋಣ. ಏಸುವನ್ನು ಶಿಲುಬೆಗೇರಿಸಿದ ದಿನ ನಡುಮಧ್ಯಾಹ್ನದಿಂದ ಮೂರು ತಾಸು ನಾಡೆಲ್ಲ ಕತ್ತಲಾಯಿತೆಂದು ಮತ್ತಾಯ, ಮಾರ್ಕ, ಲೂಕ ಮೂವರ ಸುವಾರ್ತೆಗಳೂ ಹೇಳುತ್ತವೆ. ಅದು ಪಾಸ್ಕ ಹಬ್ಬದ ಹೊತ್ತು. ಪಾಸ್ಕ ಬರುವುದು ಹುಣ್ಣಿವೆಗೆ. ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಗೆ ಮಾತ್ರ. ಮೇಲಾಗಿ ಖಗ್ರಾಸ ಗ್ರಹಣದ ಕತ್ತಲು ಎಷ್ಟೇ ಹೆಚ್ಚೆಂದರೂ ಏಳೂವರೆ ನಿಮಿಷ ಮೀರುವುದಿಲ್ಲ. ಹಾಗಾದರೆ ಅದು ಗ್ರಹಣವಲ್ಲ. ಇದನ್ನು ನಾವು ಹೊಸದಾಗಿ ಹೇಳುತ್ತಿಲ್ಲ. ಮೂರನೆಯ ಶತಮಾನದ ಕ್ರೈಸ್ತ ಚರಿತ್ರೆಕಾರ ಜೂಲಿಯಸ್ ಆಫ್ರಿಕಾನಸನೇ, ಪಾಸ್ಕ ಹುಣ್ಣಿವೆಗೆ ಬರುವುದರಿಂದ ಅದನ್ನು ಗ್ರಹಣ ಅನ್ನುವುದು ಸರಿಯಲ್ಲ ಎಂದು ಬರೆದಿದ್ದಾನೆ. ಅವನಿಗೆ ಲೆಕ್ಕ ಗೊತ್ತಿತ್ತು. ಲೆಕ್ಕ ಮುಗಿದಲ್ಲಿ ಪವಾಡ ಎಂದು ನಂಬಿದ. ಇಂದಿನ ಎಷ್ಟೋ ಕ್ರೈಸ್ತ ಪಂಡಿತರು ಅದನ್ನು ದುಃಖದ ಸಂಕೇತವಾಗಿ ಓದಬೇಕು, ಪಂಚಾಂಗವಾಗಿ ಅಲ್ಲ ಅನ್ನುತ್ತಾರೆ.

ನಂಬುವವರ ಮೇಲೆ ನಮಗೆ ಸಿಟ್ಟಿಲ್ಲ. ಒಬ್ಬ ಬಡ ಬಡಗಿಯ ಮಗನನ್ನು ಸಾಮ್ರಾಜ್ಯದವರೂ ಪುರೋಹಿತರೂ ಸೇರಿ ಕೊಂದದ್ದಕ್ಕೆ ಸೂರ್ಯನೂ ಮುಖ ಮುಚ್ಚಿಕೊಂಡ ಎಂಬ ಮಾತು ನಮ್ಮ ಎದೆಗೂ ತಟ್ಟುತ್ತದೆ. ನಮ್ಮ ತಕರಾರು ಬೇರೆ. ರಾಹುವಿನ ಮುಂದೆ ಗಣಿತ ಹಿಡಿದವರು ತಮ್ಮ ಕತ್ತಲೆಯ ಮುಂದೆ ಮೌನ ಹಿಡಿಯಬಾರದು. ಅವರ ಪುರಾಣಕ್ಕೆ ಸಂಕೇತದ ರಿಯಾಯತಿ, ನಮ್ಮವ್ವನ ದ್ಯಾಮವ್ವನಿಗೆ ಮೂಢನಂಬಿಕೆಯ ಹಣೆಪಟ್ಟಿ, ಇದು ಯಾವ ನ್ಯಾಯ? ತಕ್ಕಡಿ ಒಂದೇ ಇರಬೇಕು. ಮಠಕ್ಕೂ ಅದೇ, ಚರ್ಚಿಗೂ ಅದೇ, ಮಸೀದಿಗೂ ಅದೇ, ನಮ್ಮ ಮನೆಯ ಜಗಲಿಗೂ ಅದೇ.

ಅದೇ ತಕ್ಕಡಿಯಲ್ಲಿ ವಿಜ್ಞಾನವನ್ನೂ ತೂಗಬೇಕು. ವಿಜ್ಞಾನಿಗಳೆಂದು ಹೇಳಿಕೊಂಡವರು ನಮಗೆ ಏನು ಮಾಡಿದರು? ರಿಸ್ಲೆ ಎಂಬ ಅಧಿಕಾರಿ ಮೂಗಿನ ಅಗಲ ಉದ್ದ ಅಳೆದು ಜಾತಿಗಳನ್ನು ಮೇಲೆ ಕೆಳಗೆ ಜೋಡಿಸಿದ. 1901ರ ಜನಗಣತಿ ಅವನ ಉಸ್ತುವಾರಿಯಲ್ಲೇ ಸುರುವಾಯಿತು. ಮನು ಬಾಯಿ ಮಾತಲ್ಲಿ ಹೇಳಿದ್ದನ್ನು ಇವನು ಕೈವಾರ ಹಿಡಿದು ಹೇಳಿದ. ಇದಕ್ಕೆ ಬಾಬಾಸಾಹೇಬರು ಬೈಗಳದಿಂದ ಉತ್ತರ ಕೊಡಲಿಲ್ಲ. 1948ರ ತಮ್ಮ 'ಅಸ್ಪೃಶ್ಯರು' ಗ್ರಂಥದಲ್ಲಿ ಮೂಗಿನ ಅಳತೆಗಳನ್ನೇ ತೆಗೆದುಕೊಂಡು, ಈ ಅಳತೆ ನಂಬುವುದಾದರೆ ಬ್ರಾಹ್ಮಣನೂ ಅಸ್ಪೃಶ್ಯನೂ ಒಂದೇ ಜನಾಂಗ ಎಂದು ತೋರಿಸಿದರು. ಕೆಟ್ಟ ವಿಜ್ಞಾನಕ್ಕೆ ಮದ್ದು ಒಳ್ಳೆಯ ವಿಜ್ಞಾನ. ಕ್ರೈಸ್ತ ಧರ್ಮದೊಳಗೂ ಹೀಗೇ. ನೋಹನು ಕಾನಾನನಿಗೆ ಕೊಟ್ಟ ಶಾಪವನ್ನು ತೋರಿಸಿ ಕರಿಯರ ಗುಲಾಮಗಿರಿಯನ್ನು ಸಮರ್ಥಿಸಿದವರೂ ಬೈಬಲು ಓದಿದವರೇ. ಮೋಶೆ ಗುಲಾಮರನ್ನು ಬಿಡಿಸಿಕೊಂಡು ಹೋದದ್ದನ್ನು ತೋರಿಸಿ ಗುಲಾಮಗಿರಿಯ ವಿರುದ್ಧ ಬಂಡೆದ್ದವರೂ ಬೈಬಲು ಓದಿದವರೇ.

ಹಾಗಾದರೆ ಅಳತೆಗೋಲು ಯಾವುದು? ರೋಗದ ಚರಿತ್ರೆ ಅದನ್ನು ಹೇಳಿಕೊಡುತ್ತದೆ.

ನಮ್ಮ ಹಿರಿಯರ ತೋಳಿನ ಮೇಲೆ ಮೈಲಿ ಹಾಕಿಸಿದ ದುಂಡು ಕಲೆಗಳಿವೆ. ಆ ಕಲೆಯ ಹಿಂದೆ ಒಬ್ಬ ಗುಲಾಮನಿದ್ದಾನೆ ಎಂದರೆ ನಂಬುತ್ತೀರಾ? ಅಮೆರಿಕದ ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್‌ಗೆ 1706ರಲ್ಲಿ ಅವನ ಸಭೆಯವರು ಒಬ್ಬ ಆಫ್ರಿಕನ್ ಗುಲಾಮನನ್ನು ಕಾಣಿಕೆಯಾಗಿ ಕೊಟ್ಟರು. ಮನುಷ್ಯನನ್ನು ಕಾಣಿಕೆ ಕೊಡುವ ಭಕ್ತಿ! ಪಾದ್ರಿ ಅವನಿಗೆ ಬೈಬಲಿನಲ್ಲಿ ಬರುವ ಗುಲಾಮನ ಹೆಸರನ್ನೇ ಇಟ್ಟ: ಒನೆಸಿಮಸ್. ಸಿಡುಬಿನ ಕೀವನ್ನು ಆರೋಗ್ಯವಂತನ ತೊಗಲಿಗೆ ಗೀರಿ ಹಾಕಿದರೆ ದೊಡ್ಡ ರೋಗ ತಪ್ಪುತ್ತದೆಂಬ ತನ್ನ ನಾಡಿನ ವಿದ್ಯೆಯನ್ನು ಆ ಗುಲಾಮ ಪಾದ್ರಿಗೆ ಹೇಳಿದ. 1721ರಲ್ಲಿ ಬಾಸ್ಟನ್ನಿಗೆ ಸಿಡುಬು ಬಂದಾಗ ಮೇದರ್ ಅದನ್ನು ಮಾಡಿಸಿರೆಂದು ಸಾರಿದ. ಬಾಯ್ಲ್‌ಸ್ಟನ್ ಎಂಬ ವೈದ್ಯ ಮಾಡಿದ. ಊರು ಸಿಟ್ಟಿಗೆದ್ದು ಪಾದ್ರಿಯ ಮನೆಗೆ ಬಾಂಬು ಎಸೆಯಿತು. ಮರುವರ್ಷ ಲಂಡನ್ನಿನಲ್ಲಿ ಎಡ್ಮಂಡ್ ಮ್ಯಾಸಿ ಎಂಬ ಇನ್ನೊಬ್ಬ ಪಾದ್ರಿ, ರೋಗ ದೇವರು ಕೊಡುವ ಪರೀಕ್ಷೆ, ಅದನ್ನು ತಪ್ಪಿಸುವುದು ಪಾಪ ಎಂದು ಪ್ರವಚನ ಮಾಡಿದ. ಒಂದೇ ಧರ್ಮ, ಒಂದೇ ಗ್ರಂಥ, ಒಂದೇ ಹುದ್ದೆ. ಒಬ್ಬ ಮುಟ್ಟಿ ಉಳಿಸು ಅಂದ, ಇನ್ನೊಬ್ಬ ಬಿಟ್ಟು ಸಾಯಲಿ ಅಂದ. ಮೊದಲನೆಯವನಿಗೆ ಬುದ್ಧಿ ಬಂದದ್ದು ಎಲ್ಲಿಂದ? ತಾನು ಗುಲಾಮನೆಂದು ಇಟ್ಟುಕೊಂಡವನ ಮಾತಿಗೆ ಕಿವಿಗೊಟ್ಟದ್ದರಿಂದ.

1796ರಲ್ಲಿ ಜೆನ್ನರ್ ದನದ ಸಿಡುಬಿನಿಂದ ಲಸಿಕೆ ಮಾಡಿದ. 1802ರಲ್ಲಿ ಅದು ಮುಂಬಯಿಗೆ ಬಂತು. ಆಗ ಶೀತಪೆಟ್ಟಿಗೆ ಇರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯಿಂದ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕುತ್ತ ಲಸಿಕೆಯನ್ನು ಜೀವಂತ ಇಡಬೇಕಿತ್ತು. ಯಾರ ಮಕ್ಕಳ ತೋಳು? ಬಹಳ ಸಲ ಬಡವರದು, ಕೆಳಜಾತಿಯವರದು. ಆ ತೋಳಿನ ರಸ ತಮ್ಮ ಮೈಗೆ ಸೇರಬಾರದೆಂದು ಮೇಲ್ಜಾತಿಯವರು ಹಲವು ಕಡೆ ತಕರಾರು ತೆಗೆದರು. ಪ್ರಾಣ ಉಳಿಸುವ ಹನಿಗೂ ಜಾತಿ! ಆದರೂ ಲಸಿಕೆ ಹಬ್ಬಿತು. ಈ ದೇಶದಲ್ಲಿ ಸಿಡುಬಿನ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. ಆ ಗೆಲುವಿನಲ್ಲಿ ಕೇರಿಯ ಕೂಸುಗಳ ತೋಳಿನ ಪಾಲಿದೆ. ಆ ಪಾಲನ್ನು ಯಾವ ಸಭೆಯಲ್ಲಿ ಯಾರು ನೆನೆದಿದ್ದಾರೆ?

ಪ್ಲೇಗಿನ ಕತೆಯೂ ಹಾಗೇ. ಅದರ ಲಸಿಕೆ ಮಾಡಿದ ಹಾಫ್‌ಕಿನ್ ಒಡೆಸ್ಸಾದ ಯಹೂದಿ. ಕ್ರೈಸ್ತ ರಶಿಯಾದಲ್ಲಿ ಯಹೂದಿಯಾದ ತಪ್ಪಿಗೆ ಅವನಿಗೆ ತಕ್ಕ ಹುದ್ದೆ ದಕ್ಕಲಿಲ್ಲ. 1897ರ ಜನವರಿ 10ರಂದು ಮುಂಬಯಿಯಲ್ಲಿ ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಪ್ಲೇಗು ಹುಬ್ಬಳ್ಳಿಗೆ ಬಂದು ಬಡಿದಾಗ ಅಲ್ಲಿ ಹತ್ತಾರು ಸಾವಿರ ಜನಕ್ಕೆ ಆ ಮದ್ದು ಚುಚ್ಚಿದರು. ಬಂಕಾಪುರದಿಂದ ಹುಬ್ಬಳ್ಳಿ ಒಂದು ದಿನದ ಚಕ್ಕಡಿ ದಾರಿ. ಮುಂದೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಟಗೇರಿಯಲ್ಲಿ ಬಾಸೆಲ್ ಮಿಶನ್ನಿನ ಆಸ್ಪತ್ರೆ ಎದ್ದಿತು. ನಮ್ಮ ಜನರ ಬಾಯಲ್ಲಿ ಅದು 'ಜರ್ಮನ್ ಆಸ್ಪತ್ರಿ'. ದೂರ ನಿಂತು ಚೀಟಿ ಎಸೆಯುವವರ ನಾಡಿನಲ್ಲಿ ನಾಡಿ ಮುಟ್ಟಿ ನೋಡುವ ಡಾಕ್ಟರು ದೇವರ ಸಮಾನ. ಅಲ್ಲಿ ವಿಜ್ಞಾನ ಎಲ್ಲಿ ಮುಗಿಯಿತು, ಕ್ರಿಸ್ತ ಎಲ್ಲಿ ಸುರುವಾದ ಎಂದು ರೋಗಿ ಗೆರೆ ಎಳೆಯಲಿಲ್ಲ. ಅವನಿಗೆ ಗೊತ್ತಾದದ್ದು ಒಂದೇ: ಇವರು ನನ್ನನ್ನು ಮುಟ್ಟಿದರು.

ಅಳತೆಗೋಲು ಇದೇ ಎಂದು ನಾವು ಅನ್ನುತ್ತೇವೆ. ಮುಟ್ಟಿದ ವಿಜ್ಞಾನ ವಿಜ್ಞಾನ, ಮುಟ್ಟಿದ ಧರ್ಮ ಧರ್ಮ. ಮುಟ್ಟದೆ ದೂರ ನಿಂತು ಅಳೆದದ್ದು ರಿಸ್ಲೆಯ ಕೈವಾರ. ಮುಟ್ಟದೆ ದೂರ ನಿಂತು ಬೋಧಿಸಿದ್ದು ಮ್ಯಾಸಿಯ ಪ್ರವಚನ.

ಈ ಗೋಲನ್ನು ಚರ್ಚಿಗೂ ಹಿಡಿಯಲೇಬೇಕು. ಪ್ರೊಟೆಸ್ಟೆಂಟ್ ಮಿಶನ್ನುಗಳು ಜಾತಿಯನ್ನು ಮಾತಿನಲ್ಲಿ ಖಂಡಿಸಿದವು. ಆದರೂ ದಕ್ಷಿಣದ ಎಷ್ಟೋ ಚರ್ಚುಗಳಲ್ಲಿ ದಲಿತ ಕ್ರೈಸ್ತರಿಗೆ ಬೇರೆ ಬೆಂಚು, ಬೇರೆ ಸ್ಮಶಾನ ಉಳಿದೇ ಬಂದವು. ಕ್ರಿಸ್ತನ ರೊಟ್ಟಿ ಒಂದೇ, ಸತ್ತ ಮೇಲೆ ಮಣ್ಣು ಎರಡು. ಇತ್ತ 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿ ಎಂಬುದನ್ನು ಹಿಂದೂಗಳಿಗೆ ಕಟ್ಟಿಹಾಕಿತು. ಮುಂದೆ 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿತು. ಶಿಲುಬೆ ಹಿಡಿದ ದಲಿತನ ಮೈಮೇಲಿನ ಬಾಸುಂಡೆಯನ್ನು ಊರೂ ಗುರುತಿಸಿತು, ಬೆಂಚೂ ಗುರುತಿಸಿತು, ಆದೇಶ ಗುರುತಿಸಲಿಲ್ಲ. ನೀರು ಚಿಮುಕಿಸಿದ ಮಾತ್ರಕ್ಕೆ ಜಾತಿ ತೊಳೆದು ಹೋಗುತ್ತದೆ ಎಂದು ಕಾಯಿದೆಯೇ ನಂಬಿದರೆ ಅದಕ್ಕೆ ಏನು ಹೆಸರು? ಅದೂ ಒಂದು ಮೂಢನಂಬಿಕೆಯೇ.

ಇದನ್ನೆಲ್ಲ ಮೊದಲೇ ಕಂಡವರು ಜೋತಿಬಾ ಫುಲೆ. ಪುಣೆಯ ಸ್ಕಾಟಿಶ್ ಮಿಶನ್ ಶಾಲೆಯಲ್ಲಿ ಕಲಿತರು. ಪಾದ್ರಿಗಳ ಸ್ನೇಹ ಇಟ್ಟುಕೊಂಡರು. ಆದರೆ ಅವರು ಮನಸ್ಸಿಟ್ಟು ಓದಿದ್ದು ಥಾಮಸ್ ಪೇನ್‌ನನ್ನು, ಮನುಷ್ಯನ ಹಕ್ಕುಗಳ ಬಗ್ಗೆ ಬರೆದವನನ್ನು. ಆ ಪೇನ್ ಬೈಬಲನ್ನೂ ವಿಚಾರದ ಒರೆಗೆ ಹಚ್ಚಿದವನು. ಫುಲೆ ಮಿಶನ್ ಶಾಲೆಯ ಬಾಗಿಲಿನಿಂದ ಒಳಗೆ ಹೋದರು, ತಮ್ಮದೇ ಬಾಗಿಲು ತೆರೆದು ಹೊರಗೆ ಬಂದರು. 1873ರಲ್ಲಿ ಅವರು ಕಟ್ಟಿದ ಸಂಘಕ್ಕೆ ಇಟ್ಟ ಹೆಸರು ನೋಡಿರಿ: ಸತ್ಯಶೋಧಕ. ಸತ್ಯ ಸಿಕ್ಕಿತು ಅನ್ನುವ ಸಮಾಜವಲ್ಲ, ಹುಡುಕುವ ಸಮಾಜ. ಬಾಬಾಸಾಹೇಬರೂ 1950ರಲ್ಲಿ ಬರೆದರು, ಧರ್ಮವೊಂದು ಬದುಕಬೇಕಾದರೆ ವಿಜ್ಞಾನಕ್ಕೆ ಹೊಂದಿಕೊಂಡಿರಬೇಕು ಎಂದು. ಅದರ ಜೊತೆಗೇ ಸ್ವಾತಂತ್ರ್ಯ, ಸಮಾನತೆ, ಸೋದರತೆಯನ್ನು ಒಪ್ಪಬೇಕು, ಬಡತನವನ್ನು ಪವಿತ್ರವೆಂದು ಹೊಗಳಬಾರದು ಎಂದೂ ಬರೆದರು. ವಿಜ್ಞಾನವೊಂದೇ ಸಾಕು ಅನ್ನಲಿಲ್ಲ. ಧಾರವಾಡದ ಶಾಲೆಯ ಕತೆ ಗೊತ್ತಿದ್ದವರು ಹಾಗೆ ಅನ್ನಲಾರರು.

ನಮ್ಮ ಕಾಲಕ್ಕೆ ಬರೋಣ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿದರು. ಕೇರಳದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ ಅಬ್ರಹಾಂ ಕೋವೂರ್ ಎಲ್ಲ ಧರ್ಮದ ಪವಾಡಗಾರರಿಗೂ ಸವಾಲು ಹಾಕಿದರು. ಅದೇ 1976ರಲ್ಲಿ ವೈಜ್ಞಾನಿಕ ಮನೋಭಾವ ಬೆಳೆಸುವುದು ನಾಗರಿಕರ ಕರ್ತವ್ಯವೆಂದು ಸಂವಿಧಾನಕ್ಕೆ ಸೇರಿತು. ಹೀಗಿದ್ದೂ 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವಿಕಲ ಮಕ್ಕಳನ್ನು ಕುತ್ತಿಗೆಯ ತನಕ ಮಣ್ಣಲ್ಲಿ ಹೂತಿಟ್ಟರು, ವಾಸಿಯಾಗಲೆಂದು. ಆ ತಾಯಿತಂದೆಯರನ್ನು ನೋಡಿ ನಗುವುದು ಸುಲಭ. ಆ ಮಕ್ಕಳಿಗೆ ಕೈಗೆ ಎಟಕುವ ಒಳ್ಳೆಯ ಆಸ್ಪತ್ರೆ ಇದ್ದಿದ್ದರೆ ಮಣ್ಣಿನ ಗುಂಡಿ ಯಾಕೆ ತೋಡುತ್ತಿದ್ದರು? ಡಾಕ್ಟರು ಬಾರದ ಊರಿಗೆ ಪವಾಡದವನು ತಪ್ಪದೆ ಬರುತ್ತಾನೆ. ಒಮ್ಮೆ ಕಾವಿ ಉಟ್ಟು ಬರುತ್ತಾನೆ, ಒಮ್ಮೆ ಶಿಲುಬೆ ಹಿಡಿದು ಬಂದು ಕುರುಡರಿಗೆ ಕಣ್ಣು, ಕುಂಟರಿಗೆ ಕಾಲು ಎಂದು ಮೈಕಿನಲ್ಲಿ ಸಾರುತ್ತಾನೆ. ಇಬ್ಬರನ್ನೂ ಒಂದೇ ದನಿಯಲ್ಲಿ ಕೇಳಬೇಕು: ತೋರಿಸ್ರಿ, ಯಾರ್ದು ವಾಸಿ ಆಗೇತಿ?

ಕೋಟೆಯೊಳಗೆ ಹೊತ್ತು ಇಳಿದಿತ್ತು, ನವಿಲು ಕೂಗುತ್ತಿದ್ದವು. ಪ್ರಶ್ನೆ ಕೇಳಿದ ಹುಡುಗಿಗೆ ನಾವು ಇಷ್ಟು ಹೇಳಿದೆವು: ತಂಗಿ, ವಿಜ್ಞಾನ ತಂದವರೂ ಪಾದ್ರಿಗಳೇ, ಗೆಲಿಲಿಯೋನ ಬಾಯಿ ಕಟ್ಟಿದವರೂ ಪಾದ್ರಿಗಳೇ. ಯಾವ ಪಾದ್ರಿ, ಯಾವ ವಿಜ್ಞಾನಿ ಅನ್ನುವುದು ಆಮೇಲಿನ ಮಾತು. ಅವನು ತಂದ ಬೆಳಕು ಅಗಸಿ ದಾಟಿ ಕೇರಿಗೆ ಬಂತೋ ಇಲ್ಲವೋ, ತನ್ನ ಮನೆಯ ಮೂಲೆಗೂ ಅವನು ಅದನ್ನು ಹಿಡಿದನೋ ಇಲ್ಲವೋ, ಮೊದಲು ಅದನ್ನು ಕೇಳು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ಹಂಗಾದ್ರ ಮುಂದಿನ ಗ್ರಹಣಕ್ಕ ನಮ್ಮ ಕೇರ್ಯಾಗ ಯಾರೂ ಪುಟ್ಟಿ ಹಿಡಿಯಂಗಿಲ್ಲ. ಕನ್ನಡಕ ಹಾಕ್ಕೊಂಡು ಎಲ್ಲಾರೂ ನೋಡೋಣು. ಚರ್ಚಿನವ್ರನ್ನೂ ಕರಿಯೋಣು, ಗುಡಿಯವ್ರನ್ನೂ ಕರಿಯೋಣು."

ಆ ಕನ್ನಡಕಗಳನ್ನು ತರಿಸುವ ಜವಾಬ್ದಾರಿ ನಾವು ಹೊತ್ತಿದ್ದೇವೆ.